ಅರಳು ಮರಳೋ, ಮಿದುಳಿನ ಸವಕಳಿಯೋ?

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ನಮ್ಮ ವಾಚನಾಲಯಕ್ಕೆ ಬರುವ ಗೃಹಸ್ಥರ ಮನೆಗಳಲ್ಲಿ ವಿಚಾರಿಸಿದರೆ, ಗಂಡಸರಿಗೆ ಈ ಅರಳು ಮರಳು ಮದುವೆಯಾದ ಮರುದಿನದಿಂದಲೇ ಆರಂಭವಾಗುತ್ತದೆಂದು ತಿಳಿದುಬರುತ್ತದೆ. ಕೊತ್ತಂಬರಿ ತರಹೋದವರು ಪುದೀನ ತರುತ್ತಾರೆ. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನು ಇಡೀ ಖೋಲಿಯಲ್ಲಿ ಹುಡುಕುತ್ತಾರೆ. ನಾದಿನಿಯ ಮದುವೆಯ ತಾರೀಖು ಮರೆತುಹೋಗುತ್ತದೆ. ತುಟ್ಟಿಭತ್ಯೆಯ ಬಾಕಿ ಎಷ್ಟು ಬರಬೇಕೆಂಬುದು ಮಾತ್ರ ಪೈಸೆ ಸಹಿತ ನೆನಪಿರುತ್ತದೆ. “ಇವರ ತಲೆಯಲ್ಲಿ ಮಿದುಳು ಇದ್ದದ್ದು ನಿಜವೇ, ಸವೆದು ಸವೆದು ಈಗ ಕಡಲೆಕಾಳಿನಷ್ಟು ಉಳಿದಿದೆ” ಎಂದು ಸದಸ್ಯರೊಬ್ಬರ ಮನೆಯಾಕೆ ದಸರೆಯ ಬೊಂಬೆ ಹಬ್ಬದಲ್ಲಿ ಹೇಳಿದಾಗ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಆ ಸದಸ್ಯರೂ ನಕ್ಕಿದ್ದರು.

ಕೆಲವು ತಿಂಗಳ ಮೇಲೆ ಅದೇ ಸದಸ್ಯರು ಒಂದು ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ವಾಚನಾಲಯಕ್ಕೆ ಬಂದರು. ಲೋಕಲ್ ಗಾಡಿಯಿಂದ ಇಳಿಯುವಾಗ ತಲೆಸುತ್ತು ಬಂದಿತ್ತಂತೆ. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ತೆಗೆಸಿದರು. ವರದಿಯಲ್ಲಿ ‘ಏಜ್ ರಿಲೇಟೆಡ್ ಸೆರೆಬ್ರಲ್ ಅಟ್ರೊಫಿ’ ಎಂದು ಬರೆದಿತ್ತು. ಮಗ ಮೊಬೈಲಿನಲ್ಲಿ ಅರ್ಥ ಹುಡುಕಿ ‘ಮಿದುಳಿನ ಕ್ಷಯ’ ಎಂದು ಹೇಳಿದ. ಕ್ಷಯವೆಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿ ಅವರ ತಟ್ಟೆ ಲೋಟಗಳು ಬೇರೆಯಾದವು. ಮೊಮ್ಮಗುವನ್ನು ಅವರ ಮಗ್ಗುಲಲ್ಲಿ ಮಲಗಿಸುವುದು ನಿಂತಿತು. ತಮಾಷೆ ಮಾಡುತ್ತಿದ್ದ ಮನೆಯಾಕೆ ಎರಡು ದಿನ ಒಲೆ ಹಚ್ಚದೆ ಅತ್ತರಂತೆ. “ಇದೇನು ಸ್ವಾಮಿ, ಆಕೆ ನಗುತ್ತಾ ಹೇಳಿದ್ದು ನಿಜವೇ ಆಯಿತಲ್ಲ” ಎಂದು ಅವರು ನಮ್ಮನ್ನು ಕೇಳಿದರು.

ಅವರಿಗೆ ಅಂದು ಹೇಳಲಾಗದ ಉತ್ತರವನ್ನು ಬಲ್ಲವರಿಂದ ಕೇಳಿ, ಓದಿ, ಇಂದು ಎಲ್ಲ ವಾಚಕ ಮಿತ್ರರ ಮುಂದೆ ಇಡುತ್ತಿದ್ದೇವೆ.

ಮೊದಲು ಶಬ್ದದ ವಿಷಯ. ಅಟ್ರೊಫಿ ಎಂದರೆ ಸವೆಯುವುದು, ಸೊರಗುವುದು, ಕುಗ್ಗುವುದು. ಸೆರೆಬ್ರಲ್ ಎಂದರೆ ಮಿದುಳಿಗೆ ಸೇರಿದ್ದು. ಸಂಸ್ಕೃತದಲ್ಲಿ ಕ್ಷಯವೆಂದರೂ ಸವೆತವೇ. ಆದರೆ ನಮ್ಮ ಆಡುಮಾತಿನಲ್ಲಿ ಆ ಶಬ್ದ ಟಿ.ಬಿ. ರೋಗಕ್ಕೆ ಮೀಸಲಾಗಿಬಿಟ್ಟಿದೆ. ಮಿದುಳಿನ ಸವಕಳಿಗೂ ಆ ರೋಗಕ್ಕೂ ಸಂಬಂಧವಿಲ್ಲ. ಇದು ಅಂಟುಜಾಡ್ಯವಲ್ಲ. ತಟ್ಟೆ ಲೋಟಗಳನ್ನು ಬೇರೆ ಮಾಡಬೇಕಾಗಿಲ್ಲ, ಮೊಮ್ಮಗುವನ್ನು ದೂರ ಇಡಬೇಕಾಗಿಲ್ಲ.

ಕೊಬ್ಬರಿಯ ಹೋಲಿಕೆ

ಬೆಳೆದ ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡರಷ್ಟು ಮಾತ್ರ. ಆದರೆ ನಾವು ಉಸಿರಾಡಿ ಪಡೆಯುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಇದೊಂದೇ ಬಳಸುತ್ತದೆ. ಕೆಲಸವಿಲ್ಲದೆ ಕುಳಿತಾಗಲೂ ಇದರ ಖರ್ಚು ತಪ್ಪದು.

ತಿಪಟೂರು, ಅರಸೀಕೆರೆ ಕಡೆಯವರಿಗೆ ಕೊಬ್ಬರಿಯ ಹೋಲಿಕೆ ಹೇಳಿದರೆ ಸುಲಭವಾಗಿ ತಿಳಿದೀತು. ಹಸಿಯ ಕಾಯಿಯಲ್ಲಿ ತಿರುಳು ಚಿಪ್ಪಿಗೆ ಅಂಟಿಕೊಂಡಿರುತ್ತದೆ. ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ತಿರುಳು ಒಣಗಿ ಕುಗ್ಗಿ ಚಿಪ್ಪಿನಿಂದ ಬಿಡುತ್ತದೆ. ಅಲುಗಿಸಿದರೆ ಒಳಗೆ ಗುಡುಗುಡು ಸದ್ದು ಬರುತ್ತದೆ. ತಲೆಬುರುಡೆ ಚಿಪ್ಪು, ಮಿದುಳು ತಿರುಳು. ವಯಸ್ಸಾದಂತೆ ತಿರುಳು ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಭೇದವೇನೆಂದರೆ, ತಲೆಯಲ್ಲಿ ಆ ಎಡೆ ಖಾಲಿಯಾಗಿ ಉಳಿಯುವುದಿಲ್ಲ. ಮಿದುಳಿನ ಸುತ್ತಲೂ ಒಳಗೂ ಮೊದಲಿನಿಂದಲೇ ಇರುವ ತಿಳಿನೀರಿನಂಥ ದ್ರವವು ಆ ಸ್ಥಳವನ್ನು ತುಂಬುತ್ತದೆ. ಆದ್ದರಿಂದ ಯಾವ ಗೃಹಿಣಿಯೂ ಯಜಮಾನರ ತಲೆಯನ್ನು ಅಲುಗಿಸಿ ಸದ್ದು ಕೇಳಲು ಯತ್ನಿಸಬೇಕಾಗಿಲ್ಲ.

ನಲವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಐದರಷ್ಟು ಮಿದುಳು ಕುಗ್ಗುತ್ತದೆಂದೂ, ಎಪ್ಪತ್ತರ ಮೇಲೆ ವೇಗ ಹೆಚ್ಚಬಹುದೆಂದೂ ತಜ್ಞರ ಅಂದಾಜು. ತಲೆಗೂದಲು ನರೆಯುವಂತೆ, ಚರ್ಮ ಸುಕ್ಕುವಂತೆ ಇದೂ ಒಂದು. ಆದಕಾರಣ ‘ವಯೋಸಹಜ’ ಎಂಬ ವಿಶೇಷಣದೊಡನೆ ಬಂದ ಸವಕಳಿಯ ವರದಿ ರೋಗದ ತೀರ್ಪಲ್ಲ. ಸ್ಕ್ಯಾನ್ ಚಿತ್ರವು ಮಿದುಳಿನ ಆಕಾರವನ್ನು ತೋರಿಸುತ್ತದೆ. ಆ ಮನುಷ್ಯ ದಿನದ ವ್ಯವಹಾರವನ್ನು ಹೇಗೆ ನಡೆಸುತ್ತಿದ್ದಾನೆಂಬುದನ್ನು ತೋರಿಸುವುದಿಲ್ಲ. ಚಿತ್ರದಲ್ಲಿ ಸಾಕಷ್ಟು ಕುಗ್ಗಿದ್ದರೂ ಲೆಕ್ಕಪತ್ರ ಚೊಕ್ಕವಾಗಿ ಇಡುವ ವೃದ್ಧರಿದ್ದಾರೆ. ಚಿತ್ರ ಹೆಚ್ಚುಕಡಿಮೆ ಸರಿಯಾಗಿ ಕಂಡರೂ ಮರೆವಿನ ರೋಗದ ಆರಂಭದಲ್ಲಿರುವವರೂ ಇದ್ದಾರೆ. ಎರಡನ್ನೂ ಕೂಡಿಸಿ ನೋಡಬೇಕಾದವರು ವೈದ್ಯರು.

ಈ ಚಿತ್ರ ತೆಗೆಯುವ ವಿದ್ಯೆಯಾದರೂ ಬಹಳ ಹಳೆಯದಲ್ಲ. ಹಿಂದೆ ಜೀವಂತ ಮನುಷ್ಯನ ಮಿದುಳು ಕುಗ್ಗಿದೆಯೇ ಎಂದು ಕಾಣಲು, ಬೆನ್ನುಹುರಿಯ ಸುತ್ತಲ ದ್ರವವನ್ನು ತೆಗೆದು ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ರೋಗಿಗೆ ಅಸಾಧ್ಯ ತಲೆನೋವು ಬರುತ್ತಿತ್ತು. ಗ್ರಾಮಾಫೋನ್ ತಟ್ಟೆಗಳಿಗೆ ಹೆಸರಾಗಿದ್ದ ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಎಂಬವರು ಸಿ.ಟಿ. ಸ್ಕ್ಯಾನ್ ಯಂತ್ರವನ್ನು ಕಟ್ಟಿದರು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು.

ಗಂಡಸರ ಮೇಲಿನ ಆರೋಪ

ಇನ್ನು ನಮ್ಮ ಗೃಹಿಣಿಯರ ಆರೋಪವನ್ನು ವಿಚಾರಿಸೋಣ. ಗಂಡಸಿನ ಮಿದುಳು ಸರಾಸರಿಯಲ್ಲಿ ಹೆಂಗಸಿನದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ದೊಡ್ಡದು. ಮೀಸೆ ತಿರುವುವ ಮೊದಲು ಮುಂದಿನದನ್ನೂ ಓದಬೇಕು: ಬುದ್ಧಿಗೂ ಈ ಹೆಚ್ಚಳಕ್ಕೂ ಸಂಬಂಧ ಕಂಡುಬಂದಿಲ್ಲ. ದೊಡ್ಡ ಮೈಗೆ ದೊಡ್ಡ ಅಂಗಿ, ಅಷ್ಟೇ. ಮೇಲಾಗಿ 1991ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರೂಬೆನ್ ಗರ್ ಮತ್ತು ಸಂಗಡಿಗರು ಮಿದುಳಿನ ಚಿತ್ರಗಳನ್ನು ಅಳೆದು, ವಯಸ್ಸಾದಂತೆ ಗಂಡಸರ ಮಿದುಳು ಹೆಂಗಸರದಕ್ಕಿಂತ ಹೆಚ್ಚು ಸವೆಯುತ್ತದೆಂದು ಪ್ರಕಟಿಸಿದರು. 2025ರಲ್ಲಿ ನಾರ್ವೆಯ ಓಸ್ಲೊ ನಗರದ ಸಂಶೋಧಕರು ನಾಲ್ಕು ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಚಿತ್ರಗಳನ್ನು ಹೋಲಿಸಿ, ಹಲವು ಭಾಗಗಳಲ್ಲಿ ಗಂಡಸರಿಗೇ ಸವಕಳಿ ಸ್ವಲ್ಪ ಹೆಚ್ಚೆಂದು ಕಂಡರು. ಅಂತೂ ಗೃಹಿಣಿಯರ ಕಡೆಗೆ ಸಾಕ್ಷಿ ಇಲ್ಲದೆ ಇಲ್ಲ.

ಆದರೆ ಇಲ್ಲಿಗೆ ನಗು ನಿಲ್ಲುತ್ತದೆ. ಮಿದುಳು ಹೆಚ್ಚು ಸವೆಯುವುದು ಗಂಡಸರದಾದರೂ, ಮರೆವಿನ ರೋಗಕ್ಕೆ ಹೆಚ್ಚಾಗಿ ಗುರಿಯಾಗುವವರು ಹೆಂಗಸರು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಈ ಬಗೆಯ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಹೆಂಗಸರ ಪಾಲೇ ಹೆಚ್ಚು. ಗಂಡಸು ಮರೆತರೆ ಮನೆಯೆಲ್ಲ ನಗುತ್ತದೆ. ಹೆಂಗಸು ಮರೆತರೆ ‘ಸಾರಿಗೆ ಉಪ್ಪು ಹಾಕುವುದೂ ತಿಳಿಯದೆ’ ಎಂದು ಗದರುತ್ತೇವೆ. ಎರಡು ರೀತಿಯಲ್ಲಿಯೂ ರೋಗವನ್ನು ಗುರುತಿಸುವ ಕಾಲ ಮೀರುತ್ತದೆ.

ಈ ರೋಗದ ಮೊದಲ ಪ್ರಸಿದ್ಧ ದಾಖಲೆಯೂ ಒಬ್ಬ ಗೃಹಿಣಿಯದೇ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಸೇರಿಸಿದರು. ಗಂಡ ನಮ್ಮ ಅನೇಕ ಸದಸ್ಯರಂತೆ ರೈಲ್ವೆ ನೌಕರ. ಆಕೆ ಗಂಡನ ಮೇಲೆ ಕಾರಣವಿಲ್ಲದೆ ಸಂಶಯಪಡುತ್ತಿದ್ದಳು, ಅಡಿಗೆ ಕೆಡುತ್ತಿತ್ತು, ಕೊನೆಗೆ ತನ್ನ ಹೆಸರನ್ನು ಬರೆಯಲೂ ಆಗದಾಯಿತು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಡಾಕ್ಟರ್ ಅಲೋಯಿಸ್ ಆಲ್ಜೈಮರ್ ಮಿದುಳನ್ನು ಪರೀಕ್ಷಿಸಿದರು. ಅದು ಎಲ್ಲೆಡೆ ಕುಗ್ಗಿತ್ತು. ಸೂಕ್ಷ್ಮದರ್ಶಕದಲ್ಲಿ ಜೀವಕಣಗಳ ಒಳಗೆ ಸಿಕ್ಕುಗಳೂ ಹೊರಗೆ ಗಸಿಯಂಥ ಕಲೆಗಳೂ ಕಂಡವು. 1910ರಲ್ಲಿ ಕ್ರೆಪೆಲಿನ್ ತಮ್ಮ ಗ್ರಂಥದಲ್ಲಿ ಈ ರೋಗಕ್ಕೆ ಆಲ್ಜೈಮರರ ಹೆಸರನ್ನೇ ಇಟ್ಟರು.

ಯಾವ ಮರೆವು ಯಾವುದು?

ಬೀಗದ ಕೈ ಎಲ್ಲಿಟ್ಟೆನೆಂದು ಮರೆಯುವುದು ಸಾಮಾನ್ಯ. ಬೀಗದ ಕೈಯನ್ನು ಹಿಡಿದುಕೊಂಡು ಇದು ಯಾತಕ್ಕೆಂದು ಯೋಚಿಸುವುದು ಸಾಮಾನ್ಯವಲ್ಲ. ಪರಿಚಯದವರ ಹೆಸರು ನಾಲಗೆಯ ತುದಿಯಲ್ಲಿ ನಿಂತು ಸಂಜೆ ನೆನಪಾಗುವುದು ವಯಸ್ಸಿನ ಮರೆವು. ಕೇಳಿದ ಪ್ರಶ್ನೆಯನ್ನೇ ಹತ್ತು ನಿಮಿಷದಲ್ಲಿ ನಾಲ್ಕು ಸಲ ಕೇಳಿ, ಕೇಳಿದ್ದೇ ನೆನಪಿಲ್ಲವೆನ್ನುವುದು ಚಿಂತೆಯ ಮರೆವು. ಇಪ್ಪತ್ತು ವರ್ಷ ನಡೆದ ದಾರಿ ತಪ್ಪುವುದು, ರೂಪಾಯಿ ಎಣಿಕೆಯಲ್ಲಿ ಸೋಲುವುದು, ಸೌಮ್ಯ ಸ್ವಭಾವದವರು ವಿನಾಕಾರಣ ಸಿಟ್ಟಾಗುವುದು, ಮನೆಯವರೇ ಹಣ ಕದ್ದರೆಂದು ದೂರುವುದು, ಮಾಡಿಬಲ್ಲ ಕೆಲಸದ ಕ್ರಮವನ್ನೇ ಮರೆಯುವುದು, ಇವೆಲ್ಲ ವೈದ್ಯರಿಗೆ ತಿಳಿಸಬೇಕಾದ ಲಕ್ಷಣಗಳು. ಒಂದು ಗುರುತು ನೆನಪಿರಲಿ: ತಾನು ಮರೆಯುತ್ತೇನೆಂದು ತಾನೇ ಕೊರಗುವವನಿಗಿಂತ, ಅವನು ಮರೆಯುತ್ತಾನೆಂದು ಮನೆಯವರು ಗಮನಿಸಿದ ಸಂದರ್ಭವೇ ಹಲವು ಸಲ ಹೆಚ್ಚು ಗಂಭೀರ.

ಇದನ್ನು ನಾವು ಪುಸ್ತಕದಿಂದ ಮಾತ್ರ ಬರೆಯುತ್ತಿಲ್ಲ. ನಮ್ಮ ವಾಚನಾಲಯದ ಪತ್ರಿಕೆಗಳನ್ನು ಹಲವು ವರ್ಷ ಜೋಡಿಸಿಡುತ್ತಿದ್ದ ಹಿರಿಯರೊಬ್ಬರಿದ್ದರು. ಯಾವ ತಾರೀಖಿನ ಸಂಚಿಕೆ ಕೇಳಿದರೂ ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದರು. ಒಂದು ವರ್ಷ ಹಳೆಯ ಪತ್ರಿಕೆಯನ್ನು ಇಂದಿನದೆಂದು ಮೇಜಿನ ಮೇಲೆ ಇಡತೊಡಗಿದರು. “ರಾಯರಿಗೆ ಅರಳು ಮರಳು ಶುರುವಾಯಿತು” ಎಂದು ನಾವು ನಕ್ಕೆವು. ಅವರೂ ಪೆಚ್ಚಾಗಿ ನಕ್ಕರು. ಒಂದು ಸಂಜೆ ಅವರ ಮನೆಯಾಕೆ ಬಾಗಿಲಲ್ಲಿ ನಿಂತು, “ಇವರು ಇಲ್ಲಿಗೆ ಬಂದಿದ್ದಾರೆಯೇ?” ಎಂದು ಕೇಳಿದಾಗ ನಮ್ಮ ನಗು ಇಳಿಯಿತು. ರಾತ್ರಿ ಹನ್ನೊಂದರ ಹೊತ್ತಿಗೆ ಅವರು ದಾದರ್ ಸ್ಟೇಷನ್ನಿನಲ್ಲಿ ಸಿಕ್ಕರು. ಹುಬ್ಬಳ್ಳಿಯ ಗಾಡಿ ಎಷ್ಟು ಹೊತ್ತಿಗೆ ಎಂದು ಕಂಡವರನ್ನೆಲ್ಲ ಕೇಳುತ್ತಿದ್ದರು, ಕನ್ನಡದಲ್ಲಿ. ಮೂವತ್ತೈದು ವರ್ಷ ಮರಾಠಿಯಲ್ಲಿ ವ್ಯವಹಾರ ಮಾಡಿದ್ದ ಆ ಬಾಯಿಗೆ ಅಂದು ಮರಾಠಿಯ ಒಂದು ಮಾತೂ ಬರಲಿಲ್ಲ.

ನಂತರ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿ ಕಡೆಯವರೆಗೆ ಉಳಿಯುವುದನ್ನು ಇಂಥ ರೋಗಿಗಳಲ್ಲಿ ಹಲವರಲ್ಲಿ ವೈದ್ಯರು ಕಂಡಿದ್ದಾರೆ. ಪರಸ್ಥಳದಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ. ಮರೆವಿನ ಹಿರಿಯರಿರುವ ಮನೆಯವರು ಅವರ ಅಂಗಿಯ ಜೇಬಿನಲ್ಲಿ ಹೆಸರು, ವಿಳಾಸ, ಮನೆಯ ಫೋನ್ ನಂಬರು ಬರೆದ ಚೀಟಿಯನ್ನು ಇಡಿರಿ. ಅದು ಕನ್ನಡದಲ್ಲಿ ಮಾತ್ರ ಇದ್ದರೆ ಸಾಲದು. ನೀವಿರುವ ಊರಿನ ಭಾಷೆಯಲ್ಲಿಯೂ ಇರಲಿ.

ಸರಿಪಡಿಸಬಹುದಾದವು

ಮರೆವೆಲ್ಲ ಆಲ್ಜೈಮರ್ ರೋಗವಲ್ಲ. ಕೆಲವು ಬಗೆಯ ಮರೆವಿಗೆ ಮದ್ದುಂಟು. ಅದಕ್ಕಾಗಿಯೇ ಬೇಗ ತೋರಿಸಬೇಕೆನ್ನುವುದು.

ಮೊದಲನೆಯದು ಬಿ12 ಜೀವಸತ್ತ್ವದ ಕೊರತೆ. ಇದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ದೊರೆಯುತ್ತದೆ. ಹಾಲು ಮೊಸರು ಕಡಿಮೆಮಾಡಿದ ಸಸ್ಯಾಹಾರಿಗಳಲ್ಲಿಯೂ, ಸಕ್ಕರೆ ಕಾಯಿಲೆಗೆ ವರ್ಷಾನುಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿಯೂ ಇದು ಕಡಿಮೆಯಾಗಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಎರಡನೆಯದು ಥೈರಾಯ್ಡ್ ಗ್ರಂಥಿಯ ಆಲಸ್ಯ. ಇದಕ್ಕೂ ರಕ್ತಪರೀಕ್ಷೆ, ಮಾತ್ರೆಗಳು ಉಂಟು. ಮೂರನೆಯದು ಮನಸ್ಸಿನ ಖಿನ್ನತೆ. ನಿವೃತ್ತಿಯಾದ ಮೇಲೆ, ಹೆಂಡತಿ ತೀರಿಕೊಂಡ ಮೇಲೆ ಮೂಲೆ ಹಿಡಿದವರು ಮರೆಗುಳಿಗಳಂತೆ ಕಾಣಬಹುದು. ನಾಲ್ಕನೆಯದು ಮದ್ಯಪಾನ. ಐದನೆಯದು ನಿದ್ದೆಮಾತ್ರೆ ಮುಂತಾದ ಕೆಲವು ಔಷಧಿಗಳು.

ಆರನೆಯದಕ್ಕೆ ಮತ್ತೆ ಕೊಬ್ಬರಿಯನ್ನು ನೆನೆಯಬೇಕು. ಮಿದುಳು ಕುಗ್ಗಿದಾಗ ಅದರಿಂದ ಹೊರಪೊರೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಬಿಗಿದ ದಾರದಂತಾಗುತ್ತವೆ. ಆಗ ತಲೆಗೆ ಬಿದ್ದ ಸಣ್ಣ ಪೆಟ್ಟಿಗೂ ಅವು ಹರಿದು, ರಕ್ತ ಮೆಲ್ಲಮೆಲ್ಲಗೆ ಜಿನುಗಬಹುದು. ಗಾಡಿಯ ಬಾಗಿಲಿಗೋ ಬಚ್ಚಲಿನ ಗೋಡೆಗೋ ತಲೆ ತಗಲಿದ್ದು ಮರೆತೇಹೋಗಿರುತ್ತದೆ. ಕೆಲವು ವಾರಗಳ ನಂತರ ತಲೆನೋವು, ಮಂಕು, ನಡಿಗೆಯಲ್ಲಿ ತಡವರಿಕೆ ಕಾಣುತ್ತವೆ. ಇದನ್ನು ಮುಪ್ಪೆಂದು ಬಿಡಬಾರದು. ಕಾಲಕ್ಕೆ ಗುರುತಿಸಿದರೆ ರಕ್ತವನ್ನು ಹೊರತೆಗೆದು ಮನುಷ್ಯನನ್ನು ಮೊದಲಿನಂತೆ ಮಾಡಲು ಬಹಳ ಸಲ ಸಾಧ್ಯ.

ಮಾತು ತೊದಲುವುದು, ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಥಟ್ಟನೆ ಬಂದರೆ ಅದು ಮರೆವಲ್ಲ, ಲಕ್ವ. ರಕ್ತದ ಗಡ್ಡೆಯಿಂದ ಬಂದ ಲಕ್ವವಾದರೆ ಅದನ್ನು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ. ಬೆಳಗಾಗಲೆಂದು ಕಾಯಬೇಡಿರಿ.

ಲಕೋಟೆ ತಂದ ನಮ್ಮ ಸದಸ್ಯರ ಕಥೆ ಹೀಗಾಯಿತು. ನರರೋಗ ವೈದ್ಯರು ಸ್ಕ್ಯಾನನ್ನು ನೋಡಿ, ವಯಸ್ಸಿಗೆ ತಕ್ಕುದೆಂದು ಪಕ್ಕಕ್ಕಿಟ್ಟು, ರಕ್ತಪರೀಕ್ಷೆ ಮಾಡಿಸಿದರು. ಬಿ12 ಬಹಳ ಕಡಿಮೆಯಿತ್ತು. ಚುಚ್ಚುಮದ್ದು ಕೊಟ್ಟ ಕೆಲವು ತಿಂಗಳಲ್ಲಿ ತಲೆಸುತ್ತೂ ಮಂಕೂ ಹೋದವು. ಕೊತ್ತಂಬರಿಗೆ ಬದಲು ಪುದೀನ ತರುವುದು ಮಾತ್ರ ಹೋಗಲಿಲ್ಲ. ಅದಕ್ಕೆ ಮದ್ದಿಲ್ಲವೆಂದು ಡಾಕ್ಟರೇ ಹೇಳಿದರಂತೆ. ಪತ್ರಿಕೆ ಜೋಡಿಸುತ್ತಿದ್ದ ಹಿರಿಯರದು ಮಾತ್ರ ಆಲ್ಜೈಮರ್ ರೋಗವೇ ಆಗಿತ್ತು. ಸವೆದುದನ್ನು ಮತ್ತೆ ಬೆಳೆಸುವ ಔಷಧಿ ಇಂದಿಗೂ ಇಲ್ಲ. ಆದರೂ ಮೊದಲೇ ತೋರಿಸಿದ್ದರೆ ಅವರ ಪೆನ್ಷನ್ ಕಾಗದಪತ್ರ, ಬ್ಯಾಂಕಿನ ಸಹಿ, ಊರಿನ ಮನೆಯ ವಿಲೇವಾರಿಗಳನ್ನು ಅವರ ಬುದ್ಧಿ ಸ್ವಾಧೀನದಲ್ಲಿದ್ದಾಗಲೇ ಮಾಡಬಹುದಿತ್ತು. ಆ ಒಂದು ವರ್ಷವನ್ನು ನಾವು ನಗುವುದರಲ್ಲಿ ಕಳೆದೆವು. ಈ ಲೇಖನಕ್ಕೆ ಅದೂ ಒಂದು ಕಾರಣ.

ನಮ್ಮ ಕೈಯಲ್ಲಿರುವುದು

2024ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 14 ಕಾರಣಗಳನ್ನು ಎತ್ತಿ ಹೇಳಿತು. ಅವೆಲ್ಲವನ್ನೂ ಹತೋಟಿಯಲ್ಲಿಟ್ಟರೆ ಮರೆವಿನ ರೋಗಗಳಲ್ಲಿ ನೂರಕ್ಕೆ ಸುಮಾರು 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅದರ ಎಣಿಕೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಬೊಜ್ಜು, ಬೀಡಿ ಸಿಗರೇಟು, ಅತಿ ಮದ್ಯ, ಮೈ ಅಲುಗದ ಬದುಕು, ತಲೆಗೆ ಪೆಟ್ಟು, ಹೊಗೆ ತುಂಬಿದ ಗಾಳಿ, ಖಿನ್ನತೆ, ಒಂಟಿತನ, ಬಾಲ್ಯದಲ್ಲಿ ಓದಿನ ಕೊರತೆ, ಕಣ್ಣು ಮಂಜಾಗುವುದು, ಕಿವಿ ಮಂದವಾಗುವುದು, ಇವೇ ಆ ಹದಿನಾಲ್ಕು. ಯಂತ್ರಗಳ ಸದ್ದಿನಲ್ಲಿ ದುಡಿದವರು ಕಿವಿಯನ್ನು ಪರೀಕ್ಷಿಸಿಕೊಳ್ಳಬೇಕು. ಕೇಳದಿದ್ದರೆ ಮನುಷ್ಯ ಮಾತು ಬಿಡುತ್ತಾನೆ, ಮಾತು ಬಿಟ್ಟರೆ ಜನ ಬಿಡುತ್ತಾನೆ.

2011ರಲ್ಲಿ ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ಒಂದು ಪ್ರಯೋಗದ ಫಲ ಪ್ರಕಟವಾಯಿತು. ವಾರಕ್ಕೆ ಮೂರು ದಿನ, ನಲವತ್ತು ನಿಮಿಷ, ಒಂದು ವರ್ಷ ಬಿರುಸಾಗಿ ನಡೆದವರಲ್ಲಿ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗ ನೂರಕ್ಕೆ ಎರಡರಷ್ಟು ಹಿಗ್ಗಿತ್ತು. ನಡಿಗೆಗೆ ಟಿಕೇಟಿಲ್ಲ, ಪಾಸಿಲ್ಲ. ಜಾಹೀರಾತಿನ ಮಿದುಳಿನ ಟಾನಿಕ್ಕಿಗೆ ಹಣ ಸುರಿಯುವ ಮೊದಲು ಒಂದು ಸ್ಟೇಷನ್ ಹಿಂದೆ ಇಳಿದು ನಡೆದು ನೋಡಿರಿ.

ನಮ್ಮಂಥವರಿಗೆ ಇನ್ನೊಂದು ಸಂತೋಷದ ಸುದ್ದಿಯಿದೆ. ಡಾಕ್ಟರ್ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ 648 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಮರೆವಿನ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಈ ಅಂತರ ಇತ್ತು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಆದರೂ ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಎಂದು ದಿನಕ್ಕೆ ಹತ್ತು ಸಲ ನಾಲಗೆ ಹೊರಳಿಸುವ ನಮ್ಮ ಪಾಡು ವ್ಯರ್ಥವಲ್ಲವೆಂದು ಧೈರ್ಯ ತಂದುಕೊಳ್ಳಲು ಅಡ್ಡಿಯಿಲ್ಲ. ಮಕ್ಕಳಿಗೆ ಕನ್ನಡ ಕಲಿಸಲು ಹಿಂಜರಿಯುವ ತಂದೆತಾಯಿಗಳೂ ಇದನ್ನು ಗಮನಿಸಲಿ.

ಯಾರಿಗೆ ತೋರಿಸಬೇಕೆಂದು ತಿಳಿಯದವರಿಗೆ ಎರಡು ಮಾತು. ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಭಾಯಖಳದ ಜೆ.ಜೆ. ಮುಂತಾದ ಸಾರ್ವಜನಿಕ ಆಸ್ಪತ್ರೆಗಳಲ್ಲಿ ನರರೋಗ ವಿಭಾಗಗಳಿವೆ; ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ. ರೋಗಿಯನ್ನು ನೋಡಿಕೊಂಡು ಬಸವಳಿದವರಿಗಾಗಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಉಚಿತ ದೂರವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೂ ಮಾತಾಡಬಹುದು.

ಪತ್ರಿಕೆ ಜೋಡಿಸುತ್ತಿದ್ದ ಹಿರಿಯರನ್ನು ಅವರ ಮಗ ಈಗಲೂ ಭಾನುವಾರ ಕೈಹಿಡಿದು ಕರೆತರುತ್ತಾರೆ. ನಾವು ಅವರ ಮುಂದೆ ಹಳೆಯ ಪತ್ರಿಕೆಗಳ ಒಂದು ಕಟ್ಟನ್ನು ಇಡುತ್ತೇವೆ. ಅವರು ತಮ್ಮದೇ ಒಂದು ಕ್ರಮದಲ್ಲಿ ಜೋಡಿಸುತ್ತಾರೆ. ತಾರೀಖು ಹಿಂದುಮುಂದಾದರೆ ಈಗ ಯಾರೂ ನಗುವುದಿಲ್ಲ. ಅವರು ಹೋದ ಮೇಲೆ ಸರಿಪಡಿಸುತ್ತೇವೆ.